ಮುಲ್ಲಾಮಾರಿಯ ನೀರು ಹಿಡಿದು ಹೊರಟರೆ

ಕಲಬುರಗಿ ನೋಡಲು ಬಂದವರನ್ನು ಎಲ್ಲರೂ ಮೊದಲು ಕರೆದೊಯ್ಯುವುದು ಊರೊಳಗಿನ ಕೋಟೆಗೆ. ಕರೆದೊಯ್ಯಬೇಕಾದದ್ದೇ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಕಟ್ಟಿ ರಾಜಧಾನಿ ಮಾಡಿಕೊಂಡ ಊರು ಅದು. ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ಬಯಲಂಗಳವಿಲ್ಲ, ಅಷ್ಟೂ ಜಾಗಕ್ಕೆ ಗುಮ್ಮಟಗಳ ಮಾಡು. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು ಕಾಣುತ್ತ ಹೋಗುತ್ತದೆ. ಅಲ್ಲಿಂದ ಬಂದೇನವಾಜರ ದರ್ಗಾ, ಹಫ್ತ್ ಗುಂಬಜ್, ಶರಣಬಸವೇಶ್ವರ ಗುಡಿ. ಸಂಜೆ ಹೊತ್ತಿಗೆ ಎಲ್ಲ ಮುಗಿದು ಬಂದವರು ರೈಲು ಹತ್ತುತ್ತಾರೆ. ಜಿಲ್ಲೆಯ ಇನ್ನೂ ಹಳೆಯ ಅರಸೊತ್ತಿಗೆಗಳು ಮಾತ್ರ ನಗರದಿಂದ ಹೊರಗೆ, ಹೊಳೆಯ ದಂಡೆಗಳಲ್ಲಿ, ನೋಡುವವರಿಲ್ಲದೆ ಉಳಿದುಬಿಡುತ್ತವೆ.

ಆ ಹೊಳೆಯ ಒಂದು ಕವಲು ಹಾಯುವುದು ನಮ್ಮ ಚಿಮ್ಮನಚೋಡದ ಮಗ್ಗುಲಿಗೆ. ಅದು ಮುಲ್ಲಾಮಾರಿ. ಮಳೆ ಜೋರಾಗಿ ನಾಗರಾಳ ಜಲಾಶಯದಿಂದ ನೀರು ಬಿಟ್ಟರೆ ನಮ್ಮ ಕಡೆಯ ಸೇತುವೆಗಳು ಮುಳುಗುತ್ತವೆ. ಚಿಂಚೋಳಿ ತಾಲ್ಲೂಕಿನ ಹೊರಗಿನವರು ಈ ಹೊಳೆಯ ಹೆಸರು ಕೇಳುವುದು ಆ ದಿನಗಳ ಪತ್ರಿಕೆಯಲ್ಲಿ ಮಾತ್ರ. ಆದರೆ ಇದರ ದಾರಿಯನ್ನು ಒಮ್ಮೆ ನಕಾಶೆಯ ಮೇಲೆ ಬೆರಳಿಟ್ಟು ನೋಡಬೇಕು. ಹುಟ್ಟುವುದು ಬಸವಕಲ್ಯಾಣ ತಾಲ್ಲೂಕಿನಲ್ಲಿ. ಚಿಂಚೋಳಿ ಸೀಮೆಯ ಕೆಮ್ಮಣ್ಣಿನ ದಿಬ್ಬಗಳನ್ನೂ ಕಾಡಂಚನ್ನೂ ದಾಟಿ, ಸೇಡಂ ಕಡೆ ಇಳಿದು ಕಾಗಿಣಾ ಸೇರುತ್ತದೆ. ಕಾಗಿಣಾ ಮಳಖೇಡದ ಕೋಟೆಗೆ ತಾಗಿಕೊಂಡು ಹರಿದು, ಚಿತ್ತಾಪುರ ಸೀಮೆ ಹಾಯ್ದು, ಶಹಾಬಾದ ಸಮೀಪದ ಹೊನಗುಂಟಾದಲ್ಲಿ ಭೀಮೆಯಲ್ಲಿ ಬೆರೆಯುತ್ತದೆ. ಭೀಮೆ ವಾಡಿಯ ಕಡೆಯಿಂದ ಕೆಳಗೆ ಸಾಗಿ ಸನ್ನತಿಯ ಬಳಿ ಬಳಸಿಕೊಂಡು ಯಾದಗಿರಿ ಕಡೆ ಹೋಗುತ್ತದೆ.

ಈ ದಾರಿಯಲ್ಲಿ ನೀರು ಕೆಳಗೆ ಇಳಿದಂತೆ ಕಾಲ ಹಿಂದಕ್ಕೆ ಸರಿಯುತ್ತದೆ. ಮೇಲೆ ಕಲ್ಯಾಣ, ಹನ್ನೊಂದು–ಹನ್ನೆರಡನೇ ಶತಮಾನದ ಚಾಲುಕ್ಯರ ಊರು, ಬಸವಣ್ಣನವರ ಊರು. ನಡುವೆ ಮಳಖೇಡ, ಒಂಬತ್ತು–ಹತ್ತನೇ ಶತಮಾನದ ರಾಷ್ಟ್ರಕೂಟರ ಮಾನ್ಯಖೇಟ. ಕೆಳಗೆ ಸನ್ನತಿ, ಅಲ್ಲಿ ಅಶೋಕ, ಶಾತವಾಹನರು. ಒಂದೇ ನೀರಿನ ದಂಡೆಗೆ ಸಾವಿರದ ಐನೂರು ವರ್ಷದ ಅರಸುತನ ಸಾಲಾಗಿ ಕೂತಿದೆ. ಎಲ್ಲಿಯೂ ಅರಮನೆ ಮಾತ್ರ ಇಲ್ಲ. ಮೈಸೂರಿನ ಹಾಗೆ ಸಿಂಹಾಸನ, ಬಣ್ಣದ ಗಾಜು, ಸಂಜೆಯ ದೀಪದ ಸಾಲು ಇಲ್ಲಿ ಸಿಗುವುದಿಲ್ಲ. ಉಳಿದಿರುವುದು ಅಕ್ಷರ. ನಮ್ಮ ಸೀಮೆಯ ಅರಸರನ್ನು ಕಾಣಬೇಕೆಂದರೆ ಓದಬೇಕು.

ಸೇಡಮ್ಮಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಿಮೆಂಟಿನ ಲಾರಿ, ತೊಗರಿ ವ್ಯಾಪಾರದ ಗದ್ದಲದ ನಡುವೆ ಹಳೆಯ ಗುಡಿ, ಬಸದಿಗಳಿವೆ. ಶಾಸನಗಳಲ್ಲಿ ಇದರ ಹೆಸರು ಸೇಡಿಂಬ. ಮುನ್ನೂರು ಮಹಾಜನರ ಅಗ್ರಹಾರ. ಹನ್ನೆರಡನೇ ಶತಮಾನದ ಮೊದಲ ಪಾದದ ಒಂದು ಶಾಸನ ಹೇಳುವ ಸಂಗತಿಯೊಂದನ್ನು ಇಲ್ಲಿ ಇಡಬೇಕು: ವೇದ ಓದಿದ ಆ ಮುನ್ನೂರು ಮಹಾಜನರೇ ಸೇರಿ ಶಾಂತಿನಾಥ ತೀರ್ಥಂಕರನಿಗೆ ಬಸದಿ ಕಟ್ಟಿಸಿದರು. ಪಿ. ಬಿ. ದೇಸಾಯಿಯವರು ದಕ್ಷಿಣದ ಜೈನ ಧರ್ಮದ ಮೇಲಿನ ತಮ್ಮ ಪುಸ್ತಕದಲ್ಲಿ ಸೇಡಮ್ಮಿನ ಶಾಸನಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾರೆ. ಒಂದು ಧರ್ಮದವರು ಇನ್ನೊಂದು ಧರ್ಮದವರ ಗುಡಿಗೆ ಕಲ್ಲು ಹೊರುವುದು ಆಗ ಸುದ್ದಿಯಲ್ಲ, ಊರಿನ ಕೆಲಸ.

ಸೇಡಂ ಬಿಟ್ಟರೆ ಮಳಖೇಡ ದೂರವಿಲ್ಲ. ರಸ್ತೆಯಿಂದ ಮೊದಲು ಕಾಣುವುದು ಸಿಮೆಂಟ್ ಕಾರ್ಖಾನೆಯ ಚಿಮಣಿ, ಆಮೇಲೆ ಕೋಟೆ. ಕಾಗಿಣಾದ ದಂಡೆಗೆ ಬುರುಜು, ಗೋಡೆ, ಅಗಸಿ. ಬಂದವರಲ್ಲಿ ಬಹಳ ಮಂದಿ ಇದೇ ಅಮೋಘವರ್ಷನ ಕೋಟೆ ಎಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಇಂದು ಕಣ್ಣಿಗೆ ಬೀಳುವ ಗೋಡೆಗಳಲ್ಲಿ ರಾಷ್ಟ್ರಕೂಟರ ನಂತರ ಬಂದವರ ಕೈಕೆಲಸ ಬಹಳ ಇದೆ. ಒಂದು ಊರನ್ನು ಆಮೇಲಿನವರು ಬಿಡದೆ ಬಳಸಿದರೆ ಹೀಗೇ ಆಗುವುದು. ಹಳೆಯ ಕಲ್ಲು ಹೊಸ ಗೋಡೆಗೆ ಹೋಗುತ್ತದೆ. ಹತ್ತು–ಹದಿನೈದು ವರ್ಷಗಳಿಂದೀಚೆಗೆ ದುರಸ್ತಿ ನಡೆದಿದೆ, ಆದರೂ ದೊಡ್ಡ ಮಳೆ ಬಂದಾಗ ಗೋಡೆ ಕುಸಿದ ಸುದ್ದಿ ಬರುತ್ತಲೇ ಇರುತ್ತದೆ. ಅದನ್ನು ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರಲ್ಲಿ, ಇನ್ನೂ ಬಾಲಕ. ತಂದೆ ಮೂರನೇ ಗೋವಿಂದ ಉತ್ತರದ ಕನೋಜಿನ ತನಕ ದಂಡೆತ್ತಿ ಹೋಗಿ ಗೆದ್ದವನು. ಮಗ ಸುಮಾರು ಅರವತ್ತನಾಲ್ಕು ವರ್ಷ ಆಳಿದ. ಇಂದ್ರನ ಪಟ್ಟಣವನ್ನು ನಾಚಿಸುವಂತೆ ಮಾನ್ಯಖೇಟವನ್ನು ಕಟ್ಟಿಸಿದನೆಂದು ಅವನ ನಂತರದವರ ತಾಮ್ರಶಾಸನಗಳು ಹೊಗಳುತ್ತವೆ. ಹೊಗಳುಭಟರ ಮಾತೆಂದು ತಳ್ಳಿಬಿಡುವಂತಿಲ್ಲ, ಹೊರಗಿನವರ ಸಾಕ್ಷಿಯೂ ಇದೆ. 851ರ ಹೊತ್ತಿನ ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿರುವ ಬರಹ ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಬಲ್ಹರಾನನ್ನು ಒಬ್ಬನನ್ನಾಗಿ ಎಣಿಸಿತು. ಉಳಿದ ಮೂವರು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಿನ ಎಂದರೆ ಕಾನ್‌ಸ್ಟಾಂಟಿನೋಪಲಿನ ದೊರೆ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. ಹತ್ತನೇ ಶತಮಾನದಲ್ಲಿ ಅಲ್ ಮಸೂದಿ ಅವನ ರಾಜಧಾನಿಯ ಹೆಸರನ್ನೂ ಬರೆದ: ಮಾಂಕೀರ್. ನಮ್ಮ ಮಳಖೇಡವನ್ನು ಬಾಗ್ದಾದಿನ ಓದುಗರು ಗುರುತಿಸುತ್ತಿದ್ದ ಹೆಸರು ಅದು.

ಇಷ್ಟು ದೊಡ್ಡ ದೊರೆಯ ಬಗ್ಗೆ 871ರ ಸಂಜಾನ ತಾಮ್ರಶಾಸನ ಹೇಳುವ ಒಂದು ಮಾತು ಬೇರೆಯದೇ ತೂಕದ್ದು. ನಾಡಿಗೆ ಬಂದ ಪೀಡೆ ತೊಲಗಲೆಂದು ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನಂತೆ. ಗೆದ್ದ ಊರುಗಳ ಪಟ್ಟಿಯ ನಡುವೆ ದೊರೆಯ ಕೊಯ್ದ ಬೆರಳನ್ನೂ ತಾಮ್ರದ ಮೇಲೆ ಬರೆಸಿದವರಿಗೆ ಅರಸು ಎಂದರೆ ಏನು ಎಂಬ ತಿಳಿವಳಿಕೆ ಬಹಳ ಗಟ್ಟಿಯಾಗಿತ್ತು.

ಅವನ ಆಸ್ಥಾನದ ಓದುಗರನ್ನು ನೆನೆಯಿರಿ. ಆದಿಪುರಾಣದ ಜಿನಸೇನಾಚಾರ್ಯರು ಅವನ ಗುರು. ವ್ಯಾಕರಣದ ಶಾಕಟಾಯನ ತನ್ನ ವೃತ್ತಿಗೆ ಅಮೋಘವೃತ್ತಿ ಎಂದೇ ಹೆಸರಿಟ್ಟ. ಮಹಾವೀರಾಚಾರ್ಯ ಗಣಿತಸಾರಸಂಗ್ರಹದ ಮೊದಲಿಗೇ ಈ ದೊರೆಯನ್ನು ಹೊಗಳುತ್ತಾನೆ. ಜ್ಯೋತಿಷದ ಗ್ರಂಥದೊಳಗೊಂದು ಅಧ್ಯಾಯವಾಗಿ ಬರುತ್ತಿದ್ದ ಗಣಿತ ಆ ಪುಸ್ತಕದಲ್ಲಿ ತನ್ನ ಕಾಲಮೇಲೆ ನಿಂತಿತು. ಕನ್ನಡಕ್ಕೆ ಸಿಕ್ಕಿದ್ದು ಕವಿರಾಜಮಾರ್ಗ, ಸುಮಾರು 850. ಬರೆದವನು ಶ್ರೀವಿಜಯ, ಬರೆಸಿದವನು ನೃಪತುಂಗ ಎಂದರೆ ಇದೇ ಅಮೋಘವರ್ಷ ಎಂಬುದು ಈಗ ಬಹುಮಂದಿ ಒಪ್ಪುವ ಮಾತು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡನ್ನು ಗುರುತಿಸಿದ್ದು ಆ ಪುಸ್ತಕವೇ ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಅದರ ಪಕ್ಕದಲ್ಲೇ ಇರುವ ಇನ್ನೊಂದು ವಿಷಯವನ್ನು ಮಾತ್ರ ಮರೆಯುತ್ತೇವೆ. ತಿರುಳುಗನ್ನಡದ ನಾಡೆಂದು ಪುಸ್ತಕ ತೋರಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ಸೀಮೆಯನ್ನು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಮಾನ್ಯಖೇಟ ಆ ಗೆರೆಯೊಳಗಿಲ್ಲ. ತನ್ನ ರಾಜಧಾನಿಯ ಮಾತೇ ಶ್ರೇಷ್ಠ ಎಂದು ಬರೆಸುವ ಅಧಿಕಾರವಿದ್ದ ದೊರೆ ಹಾಗೆ ಬರೆಸಲಿಲ್ಲ. ಕನ್ನಡಗಳು ಹಲವು ಎಂಬುದನ್ನೂ ಪುಸ್ತಕ ಒಪ್ಪಿಕೊಂಡಿತು. ನಮ್ಮ ಸೀಮೆಯ ಕನ್ನಡವನ್ನು ಕೇಳಿ ನಗುವವರು ಇಂದಿಗೂ ಇದ್ದಾರೆ. ಅವರೂ ನಮ್ಮ ಹುಡುಗರೂ ಮಳಖೇಡದಲ್ಲಿ ನಿಂತು ಓದಬೇಕಾದ ಪುಟ ಇದು.

ಆಮೇಲೂ ಈ ಊರು ಬರೆಯುವವರದೇ. ಮೂರನೇ ಕೃಷ್ಣನ ಕಾಲದಲ್ಲಿ ಪೊನ್ನ ಉಭಯಕವಿಚಕ್ರವರ್ತಿ ಎನಿಸಿಕೊಂಡ. ಪುಷ್ಪದಂತ ಇಲ್ಲಿಯೇ ಇದ್ದು ಅಪಭ್ರಂಶದಲ್ಲಿ ಮಹಾಪುರಾಣ ಬರೆದ. ಕೊನೆಗೆ ಊರು ಬಿದ್ದದ್ದೂ ಒಂದು ಪುಸ್ತಕದ ತಾರೀಖಾಯಿತು. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಸುಲಿದ. ಆ ಕಾಲಕ್ಕೆ ಧಾರೆಯಲ್ಲಿದ್ದ ಕವಿ ಧನಪಾಲ ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟೊಂದನ್ನು ಮಾಡಿಕೊಟ್ಟ. ಪುಸ್ತಕ ಯಾವಾಗ ಮುಗಿಯಿತು ಎಂದು ಹೇಳಲು ಅವನು ಕೊಟ್ಟ ಗುರುತು, ಮಾಳವದವರು ಮಾನ್ಯಖೇಟ ಲೂಟಿ ಮಾಡಿದ ವರ್ಷ. ಅಣ್ಣನೊಬ್ಬ ತಂಗಿಗೆ ಪದಗಳ ಅರ್ಥ ಜೋಡಿಸಿಕೊಡುತ್ತಿದ್ದ ವರ್ಷದಲ್ಲಿ ನಮ್ಮ ಕಾಗಿಣಾ ದಂಡೆ ಉರಿಯುತ್ತಿತ್ತು. ಮರುವರ್ಷ ಇಮ್ಮಡಿ ತೈಲಪ ಚಾಲುಕ್ಯರ ಪಟ್ಟವನ್ನು ಮತ್ತೆ ಕಟ್ಟಿದ, ಅದೂ ಮೊದಲು ಇಲ್ಲಿಯೇ. ಒಂದನೇ ಸೋಮೇಶ್ವರ ಕಲ್ಯಾಣಕ್ಕೆ ಹೋದ ಮೇಲೆ ಮಳಖೇಡ ಸಾಮಾನ್ಯ ಊರಾಯಿತು.

ಊರೊಳಗಿನ ನೇಮಿನಾಥ ಬಸದಿಯನ್ನು ತಪ್ಪಿಸಬಾರದು. ಹಳೆಯ ಕಂಬಗಳು, ಸಾಲು ಜಿನಮೂರ್ತಿಗಳು. ಮುಖ್ಯವಾಗಿ, ಮೈತುಂಬ ಚಿಕ್ಕ ಚಿಕ್ಕ ಜಿನಬಿಂಬಗಳಿರುವ ಪಂಚಲೋಹದ ಪುಟ್ಟ ಮಂದಿರವೊಂದು ಅಲ್ಲಿದೆ. ಹೊಳೆಯ ಕಡೆ ಉತ್ತರಾದಿ ಮಠದ ಬೃಂದಾವನಗಳು. ಮಠದ ಪರಂಪರೆಯಂತೆ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಸನ್ನಿಧಿ ಇದೇ. ಟೀಕೆ ಬರೆದದ್ದಕ್ಕಾಗಿ ಪೂಜೆ ಪಡೆಯುವವರು ಇದ್ದರೆ ಅವರು ಮಳಖೇಡದಂಥ ಊರಿನಲ್ಲೇ ಇರಬೇಕು.

ಮಳಖೇಡದಿಂದ ರೈಲು ಹಿಡಿದರೆ ವಾಡಿ ಕಡೆಗೆ ಮುಂದಿನ ದೊಡ್ಡ ಊರು ಚಿತ್ತಾಪುರ. ಅದರ ಮಗ್ಗುಲಿಗೆ ನಾಗಾವಿ. ಈ ಲೇಖನದಲ್ಲಿ ಒಂದೇ ಜಾಗ ಹೇಳಿ ಅಂದರೆ ನಾನು ನಾಗಾವಿ ಅನ್ನುತ್ತೇನೆ.

ಚಿತ್ತಾಪುರದವರಿಗೆ ನಾಗಾವಿ ಎಂದರೆ ಯಲ್ಲಮ್ಮ. ಶೀಗಿ ಹುಣ್ಣಿಮೆ ಹೊತ್ತಿಗೆ ಪಲ್ಲಕ್ಕಿ, ಜಾತ್ರೆ, ಹರಕೆ. ಉಳಿದ ದಿನಗಳಲ್ಲೂ ಮಂಗಳವಾರ, ಶುಕ್ರವಾರ ಜನ ಇರುತ್ತಾರೆ. ಬುತ್ತಿ ಬಿಚ್ಚಿ ಕೂತವರನ್ನು ಶಾಸನದ ಕಲ್ಲು ಎಲ್ಲಿ ಎಂದು ಕೇಳಿದರೆ, "ಅರವತ್ತು ಕಂಬದ ಗುಡಿ ಕೇಳ್ತೀರೇನ್ರಿ? ಅಲ್ಲೇ ಹಿಂದ ಅದ ನೋಡ್ರಿ. ಮೊದಲ ತಾಯಿ ದರ್ಶನ ಮಾಡ್ಕೊಂಡ ಹೋಗ್ರಿ," ಎಂದು ದಾರಿ ತೋರಿಸುತ್ತಾರೆ. ರೊಟ್ಟಿಯೂ ಕೊಡುತ್ತಾರೆ. ಅರವತ್ತು ಕಂಬದ ಗುಡಿ ನಿಂತಿದೆ, ಕಂಬಗಳ ನಡುವೆ ನೆರಳು ತಂಪಾಗಿದೆ. ಸುತ್ತ ಬಿದ್ದ ಗುಡಿಗಳು, ಕಲ್ಲಿನ ಕಟ್ಟೆಗಳು, ಆಚೆ ತೊಗರಿ ಹೊಲ.

ಇಲ್ಲಿಯ ಕನ್ನಡ ಶಾಸನಗಳಲ್ಲಿ ದೊಡ್ಡದು 1058ರದು, ಒಂದನೇ ಸೋಮೇಶ್ವರನ ಕಾಲದ್ದು. ಅವನ ದಂಡನಾಯಕ ಮಧುಸೂದನ ಇಲ್ಲಿ ತ್ರೈಪುರುಷರ ಗುಡಿ ಕಟ್ಟಿಸಿ ಅದರ ಆಸರೆಯಲ್ಲಿ ಘಟಿಕಾಸ್ಥಾನ ನಡೆಸಲು ವ್ಯವಸ್ಥೆ ಮಾಡಿದ. ವೇದ ಓದುವ ವಿದ್ಯಾರ್ಥಿಗಳು 200, ಶಾಸ್ತ್ರ ಓದುವವರು 52. ವೇದ ಹೇಳಿಕೊಡಲು ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು: ಭಾಟ್ಟ ದರ್ಶನಕ್ಕೊಬ್ಬರು, ಪ್ರಾಭಾಕರಕ್ಕೊಬ್ಬರು, ನ್ಯಾಸಕ್ಕೊಬ್ಬರು. ಭಾಟ್ಟ, ಪ್ರಾಭಾಕರಗಳು ಮೀಮಾಂಸೆಯಲ್ಲಿ ಒಂದನ್ನೊಂದು ಖಂಡಿಸುವ ಎರಡು ಮತಗಳು. ಎರಡಕ್ಕೂ ಒಂದೇ ಸೂರಿನಡಿ ಗುರುಗಳನ್ನಿಟ್ಟಿದ್ದರು ಎಂದರೆ ವಾದ ಮಾಡುವುದನ್ನೇ ಕಲಿಸುತ್ತಿದ್ದರು. ನ್ಯಾಸ ಎಂದರೆ ಪಾಣಿನಿಯ ಮೇಲಿನ ಕಾಶಿಕಾವೃತ್ತಿಗೆ ಬರೆದ ವಿವರಣೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅದನ್ನು ಬರೆದ ಜಿನೇಂದ್ರಬುದ್ಧಿ ಬೌದ್ಧ. ವೇದದ ಶಾಲೆಯಲ್ಲಿ ಬೌದ್ಧನ ವ್ಯಾಕರಣ ಪಾಠವಾಗುತ್ತಿತ್ತು.

ಇಷ್ಟೆಲ್ಲದರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಭಂಡಾರ ನೋಡಿಕೊಳ್ಳುವವರು. ಆರು ಮಂದಿ ಗುರುಗಳು, ಆರು ಮಂದಿ ಭಂಡಾರಿಗರು. ಇದನ್ನು ಓದಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಓಲೆಗರಿ ತಾನಾಗಿ ಬಾಳುವ ವಸ್ತುವಲ್ಲ. ಮಳೆಗಾಲದ ತೇವ, ಬೇಸಿಗೆಯ ಬಿರುಸು, ಹುಳು ಎಲ್ಲವೂ ಅದರ ಶತ್ರುಗಳು. ಕಟ್ಟು ಬಿಚ್ಚಿ ನೋಡಬೇಕು, ಎಣ್ಣೆ ಸವರಬೇಕು, ಸೀಳಿದ ಗರಿಯನ್ನು ಬೇರೆ ಇಡಬೇಕು, ಹಳತಾದದ್ದನ್ನು ಕಂಟದಿಂದ ಹೊಸ ಗರಿಯ ಮೇಲೆ ಅಕ್ಷರ ಬಿಡದೆ ಇಳಿಸಬೇಕು. 252 ಹುಡುಗರು ಓದುವ ಕಡೆ ಒಂದೇ ಪ್ರತಿ ಸಾಲುವುದೂ ಇಲ್ಲ. ಆರು ಮಂದಿ ಬೇಕೇ ಬೇಕು. ಆ ಲೆಕ್ಕವನ್ನು 1058ರಲ್ಲಿ ಒಬ್ಬ ದಂಡನಾಯಕ ಮಾಡಿ, ಅವರಿಗೆ ಭೂಮಿ ಬಿಟ್ಟು, ಕಲ್ಲಿನ ಮೇಲೆ ಬರೆಸಿದ. ಇಂದು ನಮ್ಮ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಒಬ್ಬರೇ ಮೇಲ್ವಿಚಾರಕರು ಕಸ ಗುಡಿಸುವುದರಿಂದ ಹಿಡಿದು ಪುಸ್ತಕದ ಲೆಕ್ಕದ ತನಕ ಎಲ್ಲ ಮಾಡುತ್ತಾರೆ. ಅವರು ಒಮ್ಮೆ ನಾಗಾವಿಗೆ ಹೋಗಿ ಆ ಕಲ್ಲಿನ ಮುಂದೆ ನಿಲ್ಲಬೇಕು. ಅವರ ಹುದ್ದೆಗೆ ಈ ಸೀಮೆಯಲ್ಲಿ ಎಷ್ಟು ಹಳೆಯ ಮನ್ನಣೆಯಿದೆ ಎಂದು ಕಾಣಬೇಕು.

ಘಟಿಕಾಸ್ಥಾನಗಳು ಕನ್ನಡಿಗರಿಗೆ ಹೊಸತಲ್ಲ. ಕದಂಬ ಮಯೂರಶರ್ಮ ಓದಲು ಹೋದದ್ದು ಕಾಂಚಿಯ ಘಟಿಕೆಗೆ. ಅಲ್ಲಿಯ ಅವಮಾನದಿಂದಲೇ ಅವನು ಕತ್ತಿ ಹಿಡಿದದ್ದು ಎಂದು ತಾಳಗುಂದದ ಶಾಸನ ಹೇಳುತ್ತದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರಲ್ಲಿ ಮೂರನೇ ಕೃಷ್ಣನ ಮಂತ್ರಿ ನಾರಾಯಣ ದೂರದೂರದ ಹುಡುಗರು ಬಂದು ಓದುವಂಥ ಶಾಲೆ ಕಟ್ಟಿಸಿದ. ರಾತ್ರಿ ಓದುವ ದೀಪದ ಎಣ್ಣೆಗೆಂದೇ ಅಲ್ಲಿ ಹೊಲ ಬಿಡಲಾಗಿತ್ತು. ನಾಗಾವಿ ಆ ಸಾಲಿನದು. ಕಾಂಚಿಗೆ ಹೋಗಬೇಕಾಗಿದ್ದ ಓದು ಏಳು ನೂರು ವರ್ಷಗಳಲ್ಲಿ ಕಾಗಿಣಾ ಸೀಮೆಗೆ ಬಂದು ಕೂತಿತ್ತು.

ಆ 252 ಜಾಗಗಳಲ್ಲಿ ಯಾರಿದ್ದರು ಎಂದೂ ಕೇಳಬೇಕು. ವೇದ ಓದಲು ಹಕ್ಕಿದ್ದ ಮನೆಗಳ ಗಂಡುಹುಡುಗರು. ಶಾಲೆಗೆ ಬಿಟ್ಟ ಹೊಲವನ್ನು ಉತ್ತವರ ಮಕ್ಕಳಿಗೆ ಆ ಮಂಟಪದಲ್ಲಿ ಕೂರುವ ಜಾಗವಿರಲಿಲ್ಲ, ಹೆಣ್ಣುಮಕ್ಕಳಿಗೆ ಇರಲೇ ಇಲ್ಲ. ಸುಮಾರು ನೂರು ವರ್ಷದ ಮೇಲೆ ಇದೇ ಚಾಲುಕ್ಯರ ಕಲ್ಯಾಣದಲ್ಲಿ ಶರಣರು ಆ ಬೇಲಿಯನ್ನೇ ಪ್ರಶ್ನಿಸಿದರು. ಸಮಗಾರ, ಅಗಸ, ಅಂಬಿಗರ ಮನೆಯವರು, ಹೆಣ್ಣುಮಕ್ಕಳು ಕನ್ನಡದಲ್ಲಿ ವಚನ ಹೇಳಿದರು. ನಾಗಾವಿಯನ್ನು ಹಳೆಯ ವಿಶ್ವವಿದ್ಯಾಲಯ ಎಂದು ಎದೆಯುಬ್ಬಿಸಿ ಹೇಳುವಾಗ ಈ ಮಾತನ್ನೂ ಸೇರಿಸಿಯೇ ಹೇಳಬೇಕು, ಆಗಲೇ ಅಭಿಮಾನಕ್ಕೆ ಬೆಲೆ. ಈಗ ಅಲ್ಲಿ ಯಲ್ಲಮ್ಮನ ಹರಕೆಗೆ ಬರುವವರು ಬಹುಪಾಲು ಅಂದು ಒಳಗೆ ಬರಲಾಗದವರ ಮಕ್ಕಳು ಮೊಮ್ಮಕ್ಕಳೇ. ಕಂಬಗಳಿಗೆ ಒರಗಿ ಕೂತು ಅವರು ರೊಟ್ಟಿ ತಿನ್ನುತ್ತಾರೆ, ಮಕ್ಕಳು ಅಕ್ಷರ ಕೂಡಿಸಿ ಓದಲು ನೋಡುತ್ತಾರೆ.

ನಾಗಾವಿಯ ಶಾಸನಗಳು ಅಚ್ಚಾದದ್ದು 1928ರಲ್ಲಿ. ಹೈದರಾಬಾದ್ ನಿಜಾಮರ ಸರ್ಕಾರದ ಪುರಾತತ್ತ್ವ ಇಲಾಖೆ 1914ರಲ್ಲಿ ಶುರುವಾಗಿತ್ತು, ಗುಲಾಂ ಯಜ್ದಾನಿ ಅದರ ಮುಖ್ಯಸ್ಥರು. ಇಲಾಖೆಯ ಗ್ರಂಥಮಾಲೆಯ ಎಂಟನೇ ಪುಸ್ತಕವಾಗಿ ಸಿ. ಆರ್. ಕೃಷ್ಣಮಾಚಾರ್ಲು ಸಂಪಾದಿಸಿದ ನಾಗಾವಿ ಶಾಸನಗಳು ಹೊರಬಂದವು. ಉರ್ದು ಆಡಳಿತದ ಸಂಸ್ಥಾನ, ಅದರ ಇಲಾಖೆ, ಆಂಧ್ರದ ವಿದ್ವಾಂಸ, ಕನ್ನಡದ ಕಲ್ಲು. ಕನ್ನಡ ಶಾಲೆಗಳೇ ಅಪರೂಪವಾಗಿದ್ದ ಆ ದಿನಗಳಲ್ಲಿ ಈ ಕೆಲಸ ಆಗಿಹೋಯಿತು. ಅದಕ್ಕೆ ನಾವು ಋಣಿಗಳು.

ಕಲ್ಲನ್ನು ಓದಲು ಹೋಗುವವರಿಗೆ ಒಂದೆರಡು ಮಾತು. ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ, ಕಲ್ಲು ಬೋಳಾಗಿ ತೋರುತ್ತದೆ. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೆರೆಗೂ ನೆರಳು ಬಂದು ಸಾಲುಗಳು ಎದ್ದು ನಿಲ್ಲುತ್ತವೆ. ಮಧ್ಯಾಹ್ನವೇ ಹೋಗಬೇಕಾದರೆ ಜೊತೆಯವರೊಬ್ಬರು ಕೊಡೆ ಹಿಡಿದು ನೆರಳು ಮಾಡಲಿ, ಇನ್ನೊಬ್ಬರು ಬದಿಯಿಂದ ಬ್ಯಾಟರಿ ಬೆಳಕು ಬಿಡಲಿ. ಸೀಮೆಸುಣ್ಣ ತುಂಬುವುದು, ಅರಿಸಿಣ, ಎಣ್ಣೆ ಬಳಿಯುವುದು ಬೇಡವೇ ಬೇಡ. ವಿದ್ವಾಂಸರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಗುಂಡಿಗಳಿಗೆ ಕೂರಿಸಿ, ಮೇಲೆ ಮಸಿ ಮುಟ್ಟಿಸಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಬಿಳಿಯಾಗಿ, ಕಲ್ಲು ಕಪ್ಪಾಗಿ ಬರುತ್ತದೆ. ಅದು ಕಲಿತವರ ಕೆಲಸ.

ನಾಗಾವಿಯಿಂದ ವಾಡಿ, ಶಹಾಬಾದಿನ ಕಡೆ ಹೋಗುವಾಗ ದಾರಿಯುದ್ದಕ್ಕೂ ಪರಸಿ ಗಣಿಗಳು. ಶಹಾಬಾದ ಕಲ್ಲು ಹಾಸದ ಮನೆ ಈ ಸೀಮೆಯಲ್ಲಿಲ್ಲ. ಪದರ ಪದರವಾಗಿ ಏಳುವ ಸುಣ್ಣಕಲ್ಲು; ನೆಲಕ್ಕೆ, ಮಾಳಿಗೆಗೆ, ಕಟ್ಟೆಗೆ ಅದೇ. ಅದೇ ಸುಣ್ಣಕಲ್ಲು ಈಗ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಗೂಡುಗಳಿಗೆ ಹೋಗುತ್ತದೆ. ಎರಡು ಸಾವಿರ ವರ್ಷದ ಕೆಳಗೆ ಸನ್ನತಿ ಸೀಮೆಯ ಶಿಲ್ಪಿಗಳ ಉಳಿಗೆ ಒದಗಿದ್ದೂ ಈ ಸೀಮೆಯ ಸುಣ್ಣಕಲ್ಲೇ. ಮೆತ್ತಗೆ ಕೆತ್ತಿಸಿಕೊಳ್ಳುವ, ನುಣುಪು ಬರುವ ಕಲ್ಲು. ಗಣಿಗಾರಿಕೆಯಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ, ಅದನ್ನು ನಿಲ್ಲಿಸಿ ಎನ್ನುವವನಲ್ಲ ನಾನು. ಅಕ್ಷರವಿದ್ದ ಒಂದು ಚಪ್ಪಡಿಯೂ ಗೂಡಿಗೆ ಹೋಗದಂತೆ ನೋಡುವ ಕಣ್ಣು ಮಾತ್ರ ಪ್ರತಿ ಊರಿನಲ್ಲಿ ಇರಬೇಕು.

ಸನ್ನತಿ ಚಂದ್ರಲಾಂಬಾ ತಾಯಿಯ ಕ್ಷೇತ್ರ. ಭಕ್ತರನ್ನು ಪೀಡಿಸಿದ ದೊರೆಯ ದಂಡಿನ ಮೇಲೆ ದೇವಿ ಭ್ರಮರಗಳನ್ನು ಬಿಟ್ಟಳು ಎಂಬುದು ಸ್ಥಳಪುರಾಣ. ಕರ್ನಾಟಕ, ಮಹಾರಾಷ್ಟ್ರದ ಎಷ್ಟೋ ಮನೆತನಗಳಿಗೆ ಮನೆದೇವರು. ಇಲ್ಲಿಯ ಬೌದ್ಧ ಅವಶೇಷಗಳನ್ನು 1954ರಲ್ಲಿ ಲೋಕದ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. ವಕೀಲರು, ಈ ಸೀಮೆಯ ಇತಿಹಾಸಕ್ಕೆ ಜೀವ ತೇದವರು. ಆಮೇಲೆ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಮಾಡು ಕುಸಿಯಿತು. ಮೂರ್ತಿಯ ಕೆಳಗಿನ ಪೀಠದ ಚಪ್ಪಡಿಯನ್ನು ನೋಡಿದರೆ ಎರಡೂ ಮಗ್ಗುಲಿಗೆ ಬ್ರಾಹ್ಮೀ ಅಕ್ಷರ. ಅಶೋಕನ ಶಾಸನ. ಮೂರ್ತಿ ಕೂರಿಸಲು ನಡುವೆ ಕುಳಿ ತೋಡಿದ್ದರಿಂದ ಒಂದಷ್ಟು ಅಕ್ಷರ ಹೋಗಿವೆ. ಆದರೆ ದೇವರ ಪೀಠವಾಗಿದ್ದರಿಂದಲೇ ಉಳಿದ ಕಲ್ಲು ಮನೆಕಟ್ಟೆಗೆ ಹೋಗದೆ ಉಳಿಯಿತು.

ಅದರಲ್ಲಿ ಇರುವುದು ಅಶೋಕನ ಬಂಡೆ ಶಾಸನಗಳ ಪೈಕಿ 12ನೆಯದು, 14ನೆಯದು, ಮತ್ತು ಪ್ರತ್ಯೇಕ ಶಾಸನಗಳೆಂದು ಕರೆಯುವ ಎರಡು. ಆ ಪ್ರತ್ಯೇಕ ಶಾಸನಗಳು ಅದಕ್ಕೂ ಮೊದಲು ಸಿಕ್ಕಿದ್ದು ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ. ಗೆದ್ದ ನಾಡಿನ ಅಧಿಕಾರಿಗಳಿಗೆ ಹೇಳಿದ ಮಾತು ಅದು: ಪ್ರಜೆಗಳೆಲ್ಲ ತನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಸಿಟ್ಟು, ಅವಸರ, ಸೋಮಾರಿತನ ಬಿಡಿ. ತಿಷ್ಯ ನಕ್ಷತ್ರದ ದಿನ ಇದನ್ನು ಗಟ್ಟಿಯಾಗಿ ಓದಿ ಜನಕ್ಕೆ ಕೇಳಿಸಬೇಕು ಎಂದೂ ದೊರೆ ಆಜ್ಞೆ ಮಾಡಿದ್ದಾನೆ. ಎಂದರೆ ಭೀಮಾ ದಂಡೆಯ ನಮ್ಮ ಹಿರಿಯರು ಅಧಿಕಾರಿಗಳ ಕರ್ತವ್ಯವನ್ನು ವರ್ಷದಲ್ಲಿ ಕೆಲವು ದಿನ ಕಿವಿಯಾರೆ ಕೇಳಬೇಕಾದವರಾಗಿದ್ದರು. 12ನೆಯ ಶಾಸನ ಇನ್ನೊಬ್ಬರ ಧರ್ಮವನ್ನು ಗೌರವಿಸಬೇಕು, ತನ್ನದನ್ನು ಹೊಗಳಲು ಹೋಗಿ ಪರರದನ್ನು ಹಳಿಯಬಾರದು, ನಾಲಗೆ ಹಿಡಿತದಲ್ಲಿರಬೇಕು ಎನ್ನುತ್ತದೆ. ಸೇಡಿಂಬದ ಮುನ್ನೂರು ಮಹಾಜನರಿಗೆ ಈ ಕಲ್ಲು ಓದಲು ಬರುತ್ತಿರಲಿಲ್ಲ, ಬ್ರಾಹ್ಮೀ ಲಿಪಿಯನ್ನು ಆ ಹೊತ್ತಿಗೆ ಎಲ್ಲರೂ ಮರೆತಿದ್ದರು. ಬಾಳಿದ್ದು ಮಾತ್ರ ಇದರಂತೆ.

ಅಲ್ಲಿಂದ ಸ್ವಲ್ಪ ದೂರಕ್ಕೆ ಕನಗನಹಳ್ಳಿ. 1994ರಿಂದ 2001ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ದೊಡ್ಡ ಸ್ತೂಪವೊಂದು ಹೊರಬಂತು. ಅಲ್ಲಿಯ ಬರಹಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಬುದ್ಧನ ಬದುಕು, ಜಾತಕದ ಕಥೆಗಳು, ಶಾತವಾಹನ ದೊರೆಗಳ ಚಿತ್ರಗಳು, ಜೊತೆಗೆ ಅವರವರ ಹೆಸರು. ಅವುಗಳಲ್ಲಿ ಒಂದು ಚಪ್ಪಡಿ: ದೊರೆ, ಪಕ್ಕದಲ್ಲಿ ರಾಣಿ, ಛತ್ರಿ ಚಾಮರ ಹಿಡಿದ ಪರಿವಾರ, ಮೇಲೆ ಬ್ರಾಹ್ಮಿಯಲ್ಲಿ ‘ರಾಯೊ ಅಸೋಕೊ’. ಅಶೋಕನದೆಂದು ಹೆಸರು ಬರೆದೇ ತೋರಿಸಿದ ಚಿತ್ರ ಈ ಸ್ತೂಪದ ಹೊರಗೆ ಬೇರೆಲ್ಲೂ ಸಿಕ್ಕಿಲ್ಲ. ಶಾಸನಗಳ ದೇವಾನಾಂಪ್ರಿಯ ಅಶೋಕನೇ ಎಂದು ಹೆಸರು ಹಿಡಿದು ಮೊದಲು ತಿಳಿಸಿದ ಕಲ್ಲು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತ್ತು. ಹೆಸರು ಮಸ್ಕಿಯಲ್ಲಿ, ಮುಖ ಕನಗನಹಳ್ಳಿಯಲ್ಲಿ. ಚಿತ್ರ ಕೆತ್ತಿದವರು ಅವನ ನಂತರ ಶತಮಾನಗಳ ಮೇಲೆ ಬದುಕಿದವರು, ಅವನನ್ನು ಕಂಡವರಲ್ಲ. ನೆನಪಿನಲ್ಲಿದ್ದ ಒಳ್ಳೆಯ ದೊರೆಯನ್ನು ಕೆತ್ತಿದರು, ಗುರುತು ತಪ್ಪಬಾರದೆಂದು ಹೆಸರೂ ಬರೆದರು. ಅಗೆತವಾದ ಮೇಲೆ ಬಹುಕಾಲ ಬಿಸಿಲು ಮಳೆಗೆ ಒಡ್ಡಿಕೊಂಡಿದ್ದ ಈ ಚಪ್ಪಡಿಗಳ ಸಂರಕ್ಷಣೆಯ ಕೆಲಸವನ್ನು ಇಲಾಖೆ ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ.

ನಾನು ಸರ್ಕಾರವನ್ನು ಕೇಳುವುದು ದೊಡ್ಡದೇನಲ್ಲ. ನಾಗಾವಿಯ 1058ರ ಶಾಸನದ ಪಾಠವೂ ಇಂದಿನ ಕನ್ನಡದ ಸಾರಾಂಶವೂ ಒಂದು ಪರಸಿ ಚಪ್ಪಡಿಯ ಮೇಲೆ ಗುಡಿಯ ಪಕ್ಕದಲ್ಲಿ ನಿಲ್ಲಲಿ. ಸನ್ನತಿಯ ಅಶೋಕನ ಕಲ್ಲಿನ ಬಳಿ ನಾಲ್ಕೂ ಶಾಸನಗಳ ಕನ್ನಡ ಇರಲಿ. ಮಳಖೇಡದ ಅಗಸಿಯಲ್ಲಿ ಯಾವ ಗೋಡೆ ಯಾರ ಕಾಲದ್ದು ಎಂಬ ನಕಾಶೆ ಇರಲಿ. ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕಿನ ಶಾಲೆಗಳು ಪ್ರವಾಸಕ್ಕೆಂದು ಮೈಸೂರಿಗೆ ಹೊರಡುವ ಮೊದಲು ಒಂದು ದಿನ ಈ ದಂಡೆಯಲ್ಲಿ ಕಳೆಯಲಿ.

ಹೋಗುವವರಿಗೆ ದಾರಿ ಸುಲಭ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ 1874ರಿಂದ ಇದೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೂರೂ ಅದರ ಮೇಲಿನ ನಿಲ್ದಾಣಗಳು. ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ, ಪ್ಯಾಸೆಂಜರ್ ನೋಡಿಕೊಳ್ಳಬೇಕು. ಸನ್ನತಿಗೆ ವಾಡಿಯಿಂದ ಯಾದಗಿರಿ ಕಡೆಯ ಮಾರ್ಗದ ನಾಲವಾರದಲ್ಲಿ ಇಳಿದು ಬಸ್ಸು ಅಥವಾ ಟಂಟಂ ಹಿಡಿಯಬೇಕು. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಹಟ ಬೇಡ: ಮಳಖೇಡ, ನಾಗಾವಿಗೆ ಒಂದು ದಿನ, ಸನ್ನತಿ, ಕನಗನಹಳ್ಳಿಗೆ ಇನ್ನೊಂದು. ಏಪ್ರಿಲ್, ಮೇ ತಿಂಗಳ ಬಿಸಿಲು ತಡೆಯಲಾಗದು. ತೊಗರಿ ಹೂ ಬಿಡುವ ಹೊತ್ತಿನಿಂದ ರಾಶಿ ಮುಗಿಯುವ ತನಕ, ಎಂದರೆ ಅಕ್ಟೋಬರಿನಿಂದ ಜನವರಿ, ತಕ್ಕ ಕಾಲ. ನೀರು, ಬುತ್ತಿ ಕಟ್ಟಿಕೊಂಡು ಹೋಗಿ. ನಾಗಾವಿಯಲ್ಲೂ ಕನಗನಹಳ್ಳಿಯಲ್ಲೂ ಖಾನಾವಳಿ ಸಿಗುವ ಭರವಸೆಯಿಲ್ಲ. ಬ್ಯಾಟರಿ, ಕೊಡೆ ಮರೆಯಬೇಡಿ.